ಘಟ ಒಡೆದ ಮೇಲೆ

ನವೆಂಬರ್ 12, 2024, ಮಂಗಳವಾರ. ಡೊಂಬಿವಲಿ

ಬೆಳಗಿನ ಲೋಕಲ್ ದಿವಾ ದಾಟುವಷ್ಟರಲ್ಲಿ ಲೇಡೀಸ್ ಡಬ್ಬದಲ್ಲಿ ಜಗಳ. ಮೂವರು ಕೂರುವ ಬೆಂಚಿನ ನಾಲ್ಕನೇ ಸೀಟಿಗೆ. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕಾಲೇಜು ಹುಡುಗಿಯನ್ನು ಬಾಯಿಗೆ ಬಂದಂತೆ ಬೈದಳು. ತಪ್ಪು ಆ ಹೆಂಗಸಿನದ್ದೇ, ಅನುಮಾನವಿಲ್ಲ. ಅಷ್ಟರಲ್ಲಿ ಐದಾರು ಮೊಬೈಲು ಮೇಲೆದ್ದವು. ಅವಳ ದನಿ ಫಕ್ಕನೆ ನಿಂತಿತು. ಓಢಣಿಯಿಂದ ಮುಖ ಮುಚ್ಚಿಕೊಂಡು ಟಿಫಿನ್ ಚೀಲವನ್ನು ಎದೆಗವಚಿಕೊಂಡಳು. ಕಳವಾ ದಾಟಿ ಠಾಣೆ ಬಂದರೂ ಮೊಬೈಲು ಇಳಿಯಲಿಲ್ಲ.

ರಾತ್ರಿ ಅದೇ ವಿಡಿಯೋ ನಮ್ಮ ಸೊಸೈಟಿ ಗ್ರೂಪಿಗೆ ಬಂತು. ಮುಖ ಮುಚ್ಚಿಕೊಂಡ ಭಾಗ ಕತ್ತರಿಸಿದ್ದರು. ನಾನೂ ನೋಡಿದೆ, ಎರಡು ಸಲ.

ನವೆಂಬರ್ 15, ಶುಕ್ರವಾರ

ಐರೋಲಿಯಿಂದ ವಾಪಸು ಬರುವಾಗ ಮೇಘಾ ಮಜುಂದಾರ್ ಅವರ ‘ಎ ಬರ್ನಿಂಗ್’ ಮುಗಿಸಿದೆ. 2020ರ ಕಾದಂಬರಿ. ರೈಲಿನ ಮೇಲೆ ದಾಳಿಯಾದ ಮೇಲೆ ಕೋಲ್ಕತ್ತದ ಕೊಳೆಗೇರಿಯ ಜೀವನ್ ಎಂಬ ಹುಡುಗಿ ಸರ್ಕಾರವನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಭಯೋತ್ಪಾದಕಿಯ ಪಟ್ಟ ಬರುತ್ತದೆ. ನನ್ನನ್ನು ಕಾಡಿದ್ದು ಅವಳಿಗಿಂತ ಅವಳ ಹಳೆಯ ಪಿಟಿ ಮೇಷ್ಟ್ರು. ಕೆಟ್ಟವನೇನಲ್ಲ. ಶಾಲೆಯಲ್ಲಿ ಹಸಿದವಳಿಗೆ ತಿನ್ನಲು ಕೊಟ್ಟವನು, ಅವಳು ಹೇಳದೆ ಶಾಲೆ ಬಿಟ್ಟಳೆಂದು ನೊಂದವನು. ಆ ಸಣ್ಣ ನೋವೇ ಮುಂದೆ ಸಾಕ್ಷಿಕಟ್ಟೆ ಹತ್ತುತ್ತದೆ. ಆನ್‌ಲೈನ್ ಅವಮಾನದ ಕಥೆ ಬರೆಯುವವರು ಬಹಳಷ್ಟು ಸಲ ಜನಜಂಗುಳಿಗೆ ಮುಖವನ್ನೇ ಕೊಡುವುದಿಲ್ಲ. ಇಲ್ಲಿ ಆ ಮುಖ ಪರಿಚಯದ್ದು.

ನವೆಂಬರ್ 17, ಭಾನುವಾರ

ಶಿವಸೇನೆಯ ಬಾಳ ಠಾಕ್ರೆ ತೀರಿಕೊಂಡು ಇಂದಿಗೆ ಹನ್ನೆರಡು ವರ್ಷ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದ ಆ ದಿನಗಳಲ್ಲಿ, ಆಗ ಠಾಣೆ ಜಿಲ್ಲೆಯಲ್ಲೇ ಇದ್ದ ಪಾಲ್ಘರ್‌ನಲ್ಲಿ, ಹುಡುಗಿಯೊಬ್ಬಳು ಬಂದ್ ಯಾಕೆ ಅಂತ ಫೇಸ್‌ಬುಕ್ಕಿನಲ್ಲಿ ಕೇಳಿದಳು. ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು, ಒಬ್ಬಳ ಚಿಕ್ಕಪ್ಪನ ಆಸ್ಪತ್ರೆಯನ್ನು ಗುಂಪು ಒಡೆದು ಹಾಕಿತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಇಂಥ ಬಂಧನಗಳಿಗೆ ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನೇ ರದ್ದು ಮಾಡಿತು. ಕಾನೂನು ಹೋಯಿತು, ಗುಂಪು ಹೋಗಲಿಲ್ಲ.

ಸಂಜೆಯೆಲ್ಲ ‘ಘಟಶ್ರಾದ್ಧ’ವೇ ತಲೆಯಲ್ಲಿ. ಅನಂತಮೂರ್ತಿಯವರ ಕಥೆ, 1977ರಲ್ಲಿ ಕಾಸರವಳ್ಳಿ ಮಾಡಿದ ಚಿತ್ರ. ಅದರ ದುರಸ್ತಿಗೊಂಡ ಪ್ರತಿ ಈ ವರ್ಷ ವೆನಿಸ್ ಚಿತ್ರೋತ್ಸವಕ್ಕೂ ಹೋಗಿತ್ತು. ವಿಧವೆ ಯಮುನಾ ಬಸುರಾಗಿದ್ದಕ್ಕೆ ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಊರು ಕೈತೊಳೆದುಕೊಳ್ಳುತ್ತದೆ. ಆದರೆ ಕಥೆ ಊರಿನ ಜೊತೆ ಹೋಗುವುದಿಲ್ಲ. ಪುಟ್ಟ ನಾಣಿಯ ಕಣ್ಣಲ್ಲಿ ನಿಲ್ಲುತ್ತದೆ. ಅಪ್ಪನ ಜೊತೆ ಹೊರಟ ಹುಡುಗ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಕ್ಕನನ್ನು ನೋಡುತ್ತಾನೆ. ಅವನಿಗೆ ಅವಳು ಇನ್ನೂ ಯಮುನಕ್ಕ.

ಇವತ್ತಿನ ಕಥೆಗಳಲ್ಲಿ ನಾನು ಹುಡುಕುವುದು ಆ ನಾಣಿಯನ್ನು. ಕಾಮೆಂಟುಗಳನ್ನು ಸಾಲಾಗಿ ಜೋಡಿಸುವುದು ಸುಲಭ. ಅವಮಾನ ಆದವಳು ಮಾರನೆಯ ದಿನ ಹಾಲಿನವನಿಗೆ ಬಾಗಿಲು ಹೇಗೆ ತೆರೆದಳು, ಅದನ್ನು ಬರೆಯುವುದು ಕಷ್ಟ. ಅದನ್ನು ಬರೆದವರನ್ನೇ ನಾನು ಕಥೆಗಾರರು ಅನ್ನುತ್ತೇನೆ.

ನವೆಂಬರ್ 19, ಮಂಗಳವಾರ

ಒಂದು ವಾರವಾಯಿತು. ಆ ಹೆಂಗಸು ಮತ್ತೆ ನಮ್ಮ ಡಬ್ಬದಲ್ಲಿ ಕಾಣಿಸಲಿಲ್ಲ. ಇವತ್ತು ಗ್ರೂಪಿನಲ್ಲಿ ಬರೆದೆ: ಆಕೆಯ ವಿಡಿಯೋ ಅಳಿಸಿಬಿಡಿ, ಮುಂದೆ ಕಳಿಸಬೇಡಿ. ಗ್ರೂಪಿನಲ್ಲಿ 140 ಜನ ಇದ್ದೇವೆ. ಅಳಿಸಿದ್ದೇನೆ ಎಂದು ಉತ್ತರಿಸಿದವರು ಇಬ್ಬರು.