ಸಡಿಲು ಲಗಾಮು

‘ಕುದುರೆ ಕಂಡರೆ ಕಾಲುನೋವು’ ಎಂಬುದು ಕನ್ನಡದ ಹಳೆಯ ಗಾದೆ. ಏರುವ ಅನುಕೂಲ ಕಣ್ಣಿಗೆ ಬಿದ್ದೊಡನೆ ನಡೆಯುವ ಕಾಲು ನೋಯತೊಡಗುವುದು ಮನುಷ್ಯಸ್ವಭಾವ. ಆದರೆ ಆರು ವರ್ಷ ಕುದುರೆಯ ಬೆನ್ನ ಮೇಲೆ ಬೆಳೆದ ಹುಡುಗಿಗೆ ಕುದುರೆಯನ್ನು ಕಂಡರೆ ಮನಸ್ಸು ನೋಯುವುದಾದರೆ? ಹದಿನಾರರ ಆ ಹುಡುಗಿಗೆ ಒಂದು ವರ್ಷ ಕಾಲ ಹಾಗೆಯೇ ಆಯಿತು. ದಾರಿಯ ಬದಿಯ ಬೇಲಿಯಾಚೆ ಕುದುರೆಗಳು ಮೇಯುತ್ತಿದ್ದರೆ ಅವಳು ಕಾರಿನ ಇನ್ನೊಂದು ಕಿಟಕಿಯತ್ತ ಮುಖ ತಿರುಗಿಸುತ್ತಿದ್ದಳು.

ಅವಳು ಎರಡು ಕ್ಯಾಸಲ್‌ರಾಕ್‌ಗಳಿಗೆ ಸೇರಿದವಳು. ಒಂದು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ ಗೋವೆಯ ಗಡಿಗೆ ಅಂಟಿಕೊಂಡಿರುವ ಪುಟ್ಟ ಊರು. ವರ್ಷಕ್ಕೆ 5000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಕಾಡು ಹೊಸ್ತಿಲವರೆಗೆ ಬಂದು ನಿಲ್ಲುವ ಊರು ಅದು. ಅವಳ ಅಜ್ಜ, ಅಜ್ಜಿ ಇರುವುದು ಅಲ್ಲಿ. ಇನ್ನೊಂದು ಅಮೆರಿಕದ ಕೊಲರಾಡೋ ರಾಜ್ಯದಲ್ಲಿ, ಡೆನ್ವರ್ ನಗರದ ದಕ್ಷಿಣಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿರುವ ಒಣಹವೆಯ ಪಟ್ಟಣ. ಊರ ನೆತ್ತಿಯ ಮೇಲೆ ಕೋಟೆಯ ಬುರುಜಿನಂತೆ ನಿಂತ ಬಂಡೆಯೇ ಅದರ ಹೆಸರಿಗೆ ಕಾರಣ. ತಂದೆಯ ಉದ್ಯೋಗ ಬೆಂಗಳೂರಿನಿಂದ ಅಲ್ಲಿಗೆ ವರ್ಗವಾದಾಗ ಅಜ್ಜ ನಕ್ಕಿದ್ದರು: “ಎಷ್ಟು ದೂರ ಹೋದರೂ ಕ್ಯಾಸಲ್‌ರಾಕ್ ಟಿಕೇಟೇ ತೆಗೆಸಿದಿರಲ್ಲ!”

ಎರಡೂ ರೈಲಿನ ಊರುಗಳೇ. ಅಲ್ಲಿ 1875ರಲ್ಲಿ ಕಟ್ಟಿದ ಕಲ್ಲಿನ ನಿಲ್ದಾಣ ಈಗ ವಸ್ತುಸಂಗ್ರಹಾಲಯವಾಗಿದೆ. ಇಲ್ಲಿಯ ನಿಲ್ದಾಣದಲ್ಲಿ ಗಾಡಿಗಳು ಇಂದಿಗೂ ನಿಂತು, ಬ್ರೇಕು ಪರೀಕ್ಷೆ ಮಾಡಿಸಿಕೊಂಡು, ಆ ಬಳಿಕವೇ ಘಟ್ಟವಿಳಿಯುತ್ತವೆ. ಪೋರ್ಚುಗೀಸರ ಕಾಲದಲ್ಲಿ ಇದು ಗಡಿಯ ನಿಲ್ದಾಣ. ಪೆಟ್ಟಿಗೆ ಬಿಚ್ಚಿ ತೋರಿಸದೆ ಯಾರೂ ಮುಂದೆ ಹೋಗುವಂತಿರಲಿಲ್ಲ. 1955ರಲ್ಲಿ ಗಡಿ ಮುಚ್ಚಿ ರೈಲು ನಿಂತಿತು. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದ ಮೇಲೆ ಗಾಡಿಗಳು ಮತ್ತೆ ಓಡತೊಡಗಿದ ಆ ದಿನಗಳಲ್ಲಿಯೇ ಅಜ್ಜ ರೈಲ್ವೆ ಸೇರಿದರು. ಮುಂದೆ ಗಾರ್ಡ್ ಆಗಿ, ಕಾರಂಜೋಳ, ದೂಧಸಾಗರ, ಸೋನಾವಳಿಗಳ ಮೇಲೆ ಹಾಯ್ದು ಕುಳೆಯವರೆಗಿನ ಆ 26 ಕಿಲೋಮೀಟರ್ ಇಳಿಜಾರಿನಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದರು. ಮೂವತ್ತೇಳು ಅಡಿ ಮುಂದೆ ಸಾಗಿದರೆ ಒಂದಡಿ ಇಳಿಯುವ ದಾರಿ ಅದು. ಕೇಳುವುದಕ್ಕೆ ಅಲ್ಪವೆನಿಸಿದರೂ ಭಾರ ಹೇರಿದ ರೈಲುಗಾಡಿಗೆ ಅದು ಪಾತಾಳದ ದಾರಿಯೇ ಸರಿ.

ಹುಡುಗಿ ಕುದುರೆಯೇರಿದ್ದು ಬೆಂಗಳೂರಿನಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ. ಅದು 2018ನೆಯ ಇಸವಿ. ಬೆಂಗಳೂರಿನ ಫವಾದ್ ಮಿರ್ಜಾ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕವಾಗಿ ಒಂದು, ತಂಡಕ್ಕಾಗಿ ಒಂದು, ಹೀಗೆ ಎರಡು ಬೆಳ್ಳಿಯ ಪದಕಗಳನ್ನು ಗೆದ್ದ ವರ್ಷ. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಕತ್ತರಿಸಿ ಪುಸ್ತಕದಲ್ಲಿಟ್ಟುಕೊಂಡವಳು ತಂದೆಯನ್ನು ಕಾಡಿ ಬೇಡಿ ಸವಾರಿಯ ಶಾಲೆಗೆ ಸೇರಿದಳು. ಪಂದ್ಯದ ಮೈದಾನದಿಂದ ನಿವೃತ್ತಿಯಾಗಿ ಬಂದ ಕಂದುಬಣ್ಣದ ಹೆಣ್ಣುಕುದುರೆಯೊಂದು ಅವಳ ಪಾಲಿಗೆ ಬಂದಿತು. ಅದರ ಮೇಲೆ ಇಂಗ್ಲಿಷ್ ಪದ್ಧತಿಯ ಸವಾರಿಯನ್ನೆಲ್ಲ ಅವಳು ಕಲಿತಳು. ಹಿಮ್ಮಡಿ ಕೆಳಗೆ, ನೋಟ ಮುಂದೆ. ಎರಡು ಕೈಯಲ್ಲಿ ಎರಡು ಲಗಾಮು. ಕುದುರೆಯ ಬಾಯಿಗೂ ಸವಾರಳ ಬೆರಳಿಗೂ ನಡುವೆ ಮೃದುವಾದ ಸಂಪರ್ಕ ಒಂದು ಕ್ಷಣವೂ ಕಡಿಯಬಾರದು. ಟ್ರಾಟ್ ಎಂಬ ಎರಡು ತಾಳದ ಓಟಕ್ಕೆ ಸರಿಯಾಗಿ ಜೀನಿನಿಂದ ಎದ್ದು ಕೂಡಬೇಕು. ಕೊನೆಯ ವರ್ಷ ಅವಳು ಒಂದು ಮೀಟರ್ ಎತ್ತರದ ಅಡ್ಡಗಳನ್ನು ಹಾರಿಸುತ್ತಿದ್ದಳು. ವಿದೇಶಕ್ಕೆ ಹೊರಡುವ ಹಿಂದಿನ ದಿನ ಲಾಯಕ್ಕೆ ಹೋಗಿ, ಆ ಕುದುರೆಯ ಜೂಲಿನಲ್ಲಿ ಮುಖವಿಟ್ಟು ನಿಂತವಳನ್ನು ತಾಯಿ ಕೈಹಿಡಿದು ಕರೆತರಬೇಕಾಯಿತು.

ಹೊಸ ಊರಿನಲ್ಲಿ ಅದೇ ಪದ್ಧತಿಯ ಶಾಲೆ ದೂರ. ಶುಲ್ಕ ಇನ್ನೂ ದೂರ. ಆದರೆ ನೆರೆಮನೆಗಳಾಚೆ ಒಬ್ಬ ವೃದ್ಧೆಯ ಲಾಯವಿತ್ತು. ಶನಿವಾರ, ಭಾನುವಾರ ಬಂದು ಲಾಯ ಗುಡಿಸಿದರೆ ಸವಾರಿ ಉಚಿತವೆಂದು ಆಕೆ ಹೇಳಿಕಳುಹಿಸಿದಳು. ಮಗಳು ಒಲ್ಲೆನೆಂದಳು, ತಾಯಿ ಗದರಿದಳು, ಮಗಳು ಹೋದಳು.

ಅಲ್ಲಿದ್ದುದು ಕ್ವಾರ್ಟರ್ ಹಾರ್ಸ್ ಜಾತಿಯ ಒಂದು ಮುದಿ ಗಂಡು ಕುದುರೆ. ಕಾಲು ಮೈಲಿಯ ಓಟದಲ್ಲಿ ಗೆಲ್ಲುವ ಜಾತಿಯೆಂದು ಹಿಂದಿನವರು ಇಟ್ಟ ಹೆಸರಂತೆ ಅದು. ಈ ಕುದುರೆ ಮಾತ್ರ ಕಾಲು ಮೈಲಿ ನಡೆಯುವುದಕ್ಕೂ ಆಲೋಚಿಸುವಂತೆ ಕಾಣುತ್ತಿತ್ತು. ಇನ್ನು ಜೀನು! ಏಳೆಂಟು ಕಿಲೋದ ತೆಳ್ಳನೆಯ ಜೀನಿಗೆ ಒಗ್ಗಿದವಳು ಅದರ ಇಮ್ಮಡಿ ಭಾರದ, ಮುಂದೆ ಕೊಂಬು, ಹಿಂದೆ ಒರಗುಳ್ಳ ಆ ಸಿಂಹಾಸನವನ್ನು ಕುದುರೆಯ ಬೆನ್ನಿಗೇರಿಸುವಷ್ಟರಲ್ಲಿ ಬೆವತುಹೋದಳು. ರಿಕಾಪುಗಳು ಉದ್ದ, ಕಾಲು ನೀಳವಾಗಿ ಇಳಿಬೀಳಬೇಕು. ಎಲ್ಲಕ್ಕಿಂತ ವಿಚಿತ್ರವೆಂದರೆ ಎರಡು ಲಗಾಮೂ ಒಂದೇ ಕೈಯಲ್ಲಿ, ಅದೂ ಸಡಿಲಾಗಿ ಜೋಲುತ್ತ ಇರಬೇಕು. ಬಾಯನ್ನು ಎಳೆದು ತಿರುಗಿಸುವಂತಿಲ್ಲ. ಕತ್ತಿನ ಒಂದು ಬದಿಗೆ ಲಗಾಮು ಸೋಕಿದರೆ ಕುದುರೆ ಇನ್ನೊಂದು ಬದಿಗೆ ತಿರುಗುತ್ತದೆ.

ಈ ಪದ್ಧತಿ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕಕ್ಕೆ ಈಗಿನ ಕುದುರೆಗಳನ್ನು ತಂದವರು ಸ್ಪೇನಿನವರು. ಮೆಕ್ಸಿಕೋದ ದನಗಾಹಿಗಳು ಅವರಿಂದ ಕಲಿತು, ತಮ್ಮ ಕೆಲಸಕ್ಕೆ ತಕ್ಕಂತೆ ತಿದ್ದಿಕೊಂಡು, ಉತ್ತರದ ಕೌಬಾಯ್‌ಗಳಿಗೆ ಕಲಿಸಿದರು. ಒಂದು ಕೈ ಹಗ್ಗ ಬೀಸಬೇಕಾದುದರಿಂದ ಲಗಾಮಿಗೆ ಉಳಿದದ್ದು ಒಂದೇ ಕೈ. ಬೀಸಿದ ಹಗ್ಗದ ತುದಿ ಸುತ್ತುವುದಕ್ಕೆಂದೇ ಜೀನಿನ ಕೊಂಬು. ದಿನವಿಡೀ ದನಗಳ ಹಿಂದೆ ಅಲೆಯುವವನಿಗೆ ಕುದುರೆ ತಾನಾಗಿ ಯೋಚಿಸುವಂತಿರಬೇಕು. ಹೆಜ್ಜೆಹೆಜ್ಜೆಗೂ ಹೇಳುತ್ತ ಕುಳಿತರೆ ದನ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿಯ ನಿಯಮ: ಕೇಳು, ಒಪ್ಪಿದೊಡನೆ ಬಿಡು. ಬಿಡುವುದೇ ಕುದುರೆಗೆ ಸಲ್ಲುವ ಬಹುಮಾನ.

ಹುಡುಗಿಗೆ ಕೇಳುವುದು ಗೊತ್ತಿತ್ತು, ಬಿಡುವುದು ಗೊತ್ತಿರಲಿಲ್ಲ. ಕೈ ತನಗರಿವಿಲ್ಲದೆ ಲಗಾಮನ್ನು ಮೊಟಕು ಮಾಡುತ್ತಿತ್ತು. ಕುದುರೆ ತಲೆಯೆತ್ತಿ, ಕಿವಿ ಹಿಂದಕ್ಕೆ ಮಡಚಿ ನಿಲ್ಲುತ್ತಿತ್ತು. “ಅದು ನಿನ್ನನ್ನು ಕೇಳುತ್ತಿದೆ, ಇನ್ನೂ ಏನು ಬೇಕು ಎಂದು. ನಿನಗೆ ಬೇಕಾದದ್ದನ್ನು ಅದು ಆಗಲೇ ಕೊಟ್ಟಿದೆ” ಎಂದಳು ವೃದ್ಧೆ. ಹುಡುಗಿ ತುಟಿ ಕಚ್ಚಿಕೊಂಡಳು. ಆರು ವರ್ಷದ ವಿದ್ಯೆ ಈ ಮುದಿ ಕುದುರೆಯ ಮುಂದೆ ತಪ್ಪೆನಿಸಿಕೊಂಡಿತಲ್ಲ! ಬೆಂಗಳೂರಿನ ಕಂದುಕುದುರೆಯ ಮೇಲೆ ಕಲಿತದ್ದನ್ನು ಮರೆಯುವುದೆಂದರೆ ಆ ಕುದುರೆಯನ್ನೇ ಮರೆತಂತೆ ಎಂದು ಅವಳೊಳಗೊಂದು ಹಠ ಬೇರೆ ಕುಳಿತಿತ್ತು.

ಆಗಸ್ಟ್ ತಿಂಗಳಿನ ಒಂದು ಭಾನುವಾರ ಊರ ಹೊರಗಿನ ಮೈದಾನದಲ್ಲಿ ಕಲಿಯುವವರಿಗಾಗಿ ಸಣ್ಣದೊಂದು ಪ್ರದರ್ಶನವಿತ್ತು. ವೃದ್ಧೆ ಎರಡು ಸ್ಪರ್ಧೆಗಳಿಗೆ ಅವಳ ಹೆಸರು ಬರೆಸಿದಳು. ಅದು ಮುಗಿದೊಡನೆ ಸವಾರಿಯನ್ನೇ ಬಿಟ್ಟುಬಿಡುವುದೆಂದು ಹುಡುಗಿ ಯಾರಿಗೂ ಹೇಳದೆ ನಿಶ್ಚಯಿಸಿಕೊಂಡಿದ್ದಳು. ಹಿಂದಿನ ದಿನ ಅಜ್ಜನಿಗೆ ಫೋನು ಮಾಡಿದಾಗ ಮಾತ್ರ ಅದು ಬಾಯಿ ತಪ್ಪಿ ಬಂದಿತು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಫೋನಿನಲ್ಲಿ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳುತ್ತಿತ್ತು.

“ತಂಗೀ, ಕುದುರೆಯ ವಿಷಯ ನನಗೆ ಗೊತ್ತಿಲ್ಲ. ರೈಲಿನ ವಿಷಯ ಹೇಳುತ್ತೇನೆ, ಕೇಳು. ಘಟ್ಟವಿಳಿಯುವಾಗ ಹೊಸ ಹುಡುಗರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಹೆದರಿಕೆಗೆ ಬ್ರೇಕು ಹಿಡಿದೇ ಹಿಡಿಯುತ್ತಾರೆ. ಹಿಡಿದೇ ಇದ್ದರೆ ಏನಾಗುತ್ತದೆ? ಗಾಲಿ ಕಾಯುತ್ತದೆ, ಹೊಗೆಯಾಡುತ್ತದೆ. ಕೊನೆಗೆ ನಿಜವಾಗಿ ಬೇಕಾದಾಗ ಬ್ರೇಕು ಹಿಡಿಯುವುದೇ ಇಲ್ಲ. ಹಿಡಿಯಬೇಕು, ವೇಗ ತಗ್ಗಿದೊಡನೆ ಬಿಡಬೇಕು, ಮತ್ತೆ ಹಿಡಿಯಬೇಕು. ಹಿಡಿಯುವುದನ್ನು ನನಗೆ ಒಂದು ದಿನದಲ್ಲಿ ಕಲಿಸಿದರು. ಬಿಡುವುದನ್ನು ಕಲಿಯಲು ಎರಡು ಮಳೆಗಾಲ ಬೇಕಾಯಿತು.”

“ಬಿಟ್ಟಾಗ ಹೆದರಿಕೆಯಾಗುತ್ತಿರಲಿಲ್ಲವೇ, ಅಜ್ಜಾ?”

“ಆಗದೆ ಉಂಟೇ? ಕೆಳಗೆ ನೋಡಿದರೆ ದೂಧಸಾಗರ!”

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮೊದಲ ಸ್ಪರ್ಧೆ. ಒಂಬತ್ತು ಮಂದಿ ಸವಾರರು ವೃತ್ತವಾಗಿ ಸುತ್ತಬೇಕು. ಘೋಷಕನ ಮಾತಿನಂತೆ ನಡಿಗೆ, ‘ಜಾಗ್’ ಎಂಬ ಸಣ್ಣ ಓಟ, ‘ಲೋಪ್’ ಎಂಬ ನಿಧಾನದ ದೌಡು. ತೀರ್ಪುಗಾರರು ನೋಡುವುದು ವೇಗವನ್ನಲ್ಲ, ಕುದುರೆಯ ನೆಮ್ಮದಿಯನ್ನು. ಎರವಲು ಟೋಪಿ ಕಣ್ಣಿನ ಮೇಲೆ ಜಾರುತ್ತಿದ್ದರೂ ಹುಡುಗಿ ನಡಿಗೆಯನ್ನು ಚೆನ್ನಾಗಿಯೇ ನಡೆಸಿದಳು. ‘ಜಾಗ್’ ಎಂಬ ಕೂಗು ಬಂದಿತು. ಎಂಟು ಮಂದಿ ಜೀನಿಗೆ ಅಂಟಿಸಿದಂತೆ ಕುಳಿತು ಸಾಗಿದರು. ಒಂಬತ್ತನೆಯವಳು ಮಾತ್ರ ಎದ್ದಳು, ಕುಳಿತಳು, ಎದ್ದಳು, ಕುಳಿತಳು. ಆರು ವರ್ಷದ ಅಭ್ಯಾಸ! ಅರ್ಧ ಸುತ್ತು ಕಳೆದ ಮೇಲೆ ಬೇಲಿಯ ಬಳಿ ಮಗುವೊಂದು ಕಿಲಕಿಲನೆ ನಕ್ಕಿದ್ದು ಕೇಳಿ ಅವಳಿಗೆ ಎಚ್ಚರವಾಯಿತು. ನಾಚಿಕೆಯಿಂದ ಗಕ್ಕನೆ ಕುಳಿತಳು. ಕೈ ಲಗಾಮನ್ನು ಬಿಗಿಯಿತು. ಕುದುರೆ ತಲೆಯೆಸೆದು ನಿಂತೇಬಿಟ್ಟಿತು. ಫಲಿತಾಂಶ ಓದಿದಾಗ ಅವಳ ಸಂಖ್ಯೆ ಒಂಬತ್ತನೆಯದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆನ್ನೋಣವೆಂದರೆ, ಜೊತೆಗೆ ಟೋಪಿಯೂ ಮಣ್ಣಿಗೆ ಬಿದ್ದಿತ್ತು.

ವೃದ್ಧೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಟೋಪಿಯ ಧೂಳು ಕೊಡವಿ, ಒಳಗೆ ಕಾಗದ ಮಡಚಿಟ್ಟು, ಮತ್ತೆ ಅವಳ ತಲೆಗೆ ಬಿಗಿಯಾಗಿ ಒತ್ತಿದಳು.

ಎರಡನೆಯದು ಕಾಡುದಾರಿಯ ಅಡಚಣೆಗಳನ್ನು ಮೈದಾನದಲ್ಲಿ ಕಟ್ಟಿ ನಡೆಸುವ ಸ್ಪರ್ಧೆ, ಒಬ್ಬೊಬ್ಬರೇ ಹೋಗಬೇಕು. ಕುದುರೆಯ ಮೇಲೆ ಕುಳಿತೇ ಬಾಗಿಲೊಂದನ್ನು ತೆರೆದು ಮುಚ್ಚಬೇಕು. ನೆಲದ ಮೇಲಿಟ್ಟ ಮರದ ತೊಲೆಗಳನ್ನು ಸೋಕದೆ ದಾಟಬೇಕು. ಹಲಗೆಯ ಸೇತುವೆಯನ್ನು ಹಾಯಬೇಕು. ಕೊನೆಗೆ ಹಿಮ್ಮುಖವಾಗಿ ನಡೆಸಬೇಕು. ಇನ್ನೊಂದು ಕೈ ಲಗಾಮಿಗೆ ತಗುಲಿತೆಂದರೆ ಅಂಕ ಹೋಯಿತು.

ಬಾಗಿಲು ದಾಟಿತು. ತೊಲೆಗಳು ದಾಟಿದವು, ಒಂದಕ್ಕೆ ಗೊರಸು ತಗುಲಿ ಟಕ್ಕೆಂದಿತು. ಸೇತುವೆಯ ಮುಂದೆ ಕುದುರೆ ನಿಂತಿತು. ಮುಂಗಾಲು ಹಲಗೆಗೆ ತಗುಲಿ ಟೊಳ್ಳಾದ ಸದ್ದು ಬಂದಿತ್ತು, ಅದಕ್ಕೆ ಬೆಚ್ಚಿತ್ತು. ಹುಡುಗಿಯ ಎಡಗೈ ತಾನಾಗಿ ಮೇಲೆದ್ದಿತು. ಎರಡು ಕೈಯಲ್ಲಿ ಲಗಾಮು ಹಿಡಿದು, ಕಾಲಿನಿಂದ ಒತ್ತಿ, ಮುಂದಕ್ಕೆ ತಳ್ಳಬೇಕೆಂದು ಆರು ವರ್ಷದ ವಿದ್ಯೆ ಒಳಗಿನಿಂದ ಕೂಗುತ್ತಿತ್ತು. ಎದ್ದ ಕೈ ಗಾಳಿಯಲ್ಲಿಯೇ ನಿಂತಿತು. ಗಾಲಿ ಕಾಯುತ್ತದೆ ಎಂದಿದ್ದರು ಅಜ್ಜ.

ಅವಳು ಆ ಕೈಯನ್ನು ತೊಡೆಯ ಮೇಲಿಟ್ಟಳು. ಬಲಗೈಯನ್ನು ಕುದುರೆಯ ಜೂಲಿನತ್ತ ಒಂದು ಗೇಣು ಮುಂದೆ ಸರಿಸಿದಳು. ಲಗಾಮು ಜೋತಿತು. ಅಷ್ಟು ಮಾಡಿ, ಮುಂದೇನೂ ಮಾಡದೆ ಕುಳಿತಳು. ಏನೂ ಮಾಡದೆ ಕುಳಿತುಕೊಳ್ಳುವುದು ಒಂದು ಮೀಟರ್ ಅಡ್ಡವನ್ನು ಹಾರಿಸುವುದಕ್ಕಿಂತ ಕಷ್ಟವೆಂದು ಆ ಹೊತ್ತಿಗೆ ಅವಳಿಗೆ ತಿಳಿಯಿತು.

ಕುದುರೆ ಕತ್ತು ಇಳಿಸಿತು. ಹಲಗೆಯನ್ನು ಮೂಸಿತು. ಫುಸ್ಸೆಂದು ಉಸಿರುಬಿಟ್ಟಿತು. ಆಮೇಲೆ, ಮುದುಕನೊಬ್ಬ ಕೋಲೂರಿ ಕಾಲುವೆಯ ಸಂಕ ದಾಟುವಂತೆ, ಒಂದು ಕಾಲಿಟ್ಟಿತು, ಇನ್ನೊಂದು ಇಟ್ಟಿತು. ಟೊಕ್, ಟೊಕ್, ಟೊಕ್, ಟೊಕ್. ಸೇತುವೆ ದಾಟಿತ್ತು. ಹುಡುಗಿಯ ಕಣ್ಣು ಏಕೆ ಮಂಜಾಯಿತೆಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಬೆಂಗಳೂರಿನ ಕಂದುಕುದುರೆಯೂ ಹೊಸ ಅಡ್ಡವನ್ನು ಕಂಡಾಗ ಹೀಗೆಯೇ ಉಸಿರುಬಿಡುತ್ತಿತ್ತು. ಆಗ ಅವಳು ಅದನ್ನು ಪೂರ್ತಿಯಾಗಿ ಕೇಳಿಸಿಕೊಂಡಿರಲಿಲ್ಲ, ಅಷ್ಟೆ.

ಆರು ಮಂದಿಯಲ್ಲಿ ಅವಳಿಗೆ ನಾಲ್ಕನೆಯ ಸ್ಥಾನ ದೊರೆಯಿತು. ಅದಕ್ಕೊಂದು ಬಿಳಿಯ ರಿಬ್ಬನ್.

ಲಾಯ ಗುಡಿಸಿ, ಕುದುರೆಗೆ ನೀರಿಟ್ಟು ಅವಳು ಫೋನು ಮಾಡುವ ಹೊತ್ತಿಗೆ ಜೋಯಿಡಾದ ಕ್ಯಾಸಲ್‌ರಾಕ್‌ನಲ್ಲಿ ನಡುರಾತ್ರಿ ಕಳೆದು ಒಂದು ಗಂಟೆ. ಅಜ್ಜ ಎಚ್ಚರವಾಗಿಯೇ ಇದ್ದರು. ರಾತ್ರಿಪಾಳಿ ಅವರಿಗೆ ಹೊಸದಲ್ಲ.

“ಬಿದ್ದೆಯಾ?” ಎಂದು ಹಿಂದಿನಿಂದ ಅಜ್ಜಿಯ ಪ್ರಶ್ನೆ ಮೊದಲು ಬಂದಿತು.

“ಇಲ್ಲ ಅಜ್ಜೀ, ಟೋಪಿ ಮಾತ್ರ ಬಿದ್ದಿತು” ಎಂದು ಹುಡುಗಿ ಎಲ್ಲವನ್ನೂ ಹೇಳಿದಳು. ಮೊದಲನೆಯ ಸ್ಥಾನಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು, ಮೂರನೆಯದಕ್ಕೆ ಹಳದಿ, ತನಗೆ ಬಿಳಿ ಎಂದು ವಿವರಿಸಿದಳು.

“ಎರಡನೆಯವನಿಗೆ ಕೆಂಪು ಕೊಟ್ಟು ಗಾಡಿ ನಿಲ್ಲಿಸುತ್ತಾರೆಯೇ? ಇದೆಂಥ ಊರಪ್ಪ!” ಎಂದು ಗಾರ್ಡ್ ಅಜ್ಜ ಬೆರಗಾದರು. ಆಮೇಲೆ ಮೆಲ್ಲನೆ ಕೇಳಿದರು: “ಹಾಗಾದರೆ ಬಿಟ್ಟುಬಿಡುವುದೆಂದು ನಿನ್ನೆ ಹೇಳಿದ್ದು?”

“ಬಿಟ್ಟೆನಲ್ಲ ಅಜ್ಜಾ” ಎಂದಳು ಹುಡುಗಿ. “ಸೇತುವೆಯ ಮುಂದೆ.”

ಅಜ್ಜನಿಗೆ ಅರ್ಥವಾಗುವುದಕ್ಕೆ ಒಂದು ಕ್ಷಣ ಹಿಡಿಯಿತು. ಬಳಿಕ ಫೋನಿನಲ್ಲಿ ಅವರ ನಗೆ ಕೇಳಿಸಿತು. ನಗೆಯ ಹಿಂದೆ ಮಳೆ. ಮಳೆಯ ಹಿಂದೆ, ಘಟ್ಟವಿಳಿಯಲು ಸಿದ್ಧವಾಗಿ ನಿಂತ ಗಾಡಿಯೊಂದರ ಉದ್ದನೆಯ ಸಿಳ್ಳು.

ಮುಂದಿನ ಶನಿವಾರ ಲಾಯದ ಕಸಬರಿಗೆ ಹಿಡಿಯಲು ತಾಯಿ ಅವಳನ್ನು ಗದರಬೇಕಾಗಲಿಲ್ಲ.