ವಸಯಿಯ ಪಾಳು ಕೋಟೆಯಲ್ಲಿ ಇಪ್ಪತ್ತಮೂರು ಮಂದಿ

ಮುಂಬಯಿಯಲ್ಲಿ ನೆಲೆಸಿದ ನಮಗೆ ರವಿವಾರದ ವಿಹಾರವೆಂದರೆ ಎಲಿಫೆಂಟಾ, ಕಾನ್ಹೇರಿ, ಜುಹೂ ಎಂದು ಯಾರೋ ಮೊದಲೇ ಗೊತ್ತುಮಾಡಿಟ್ಟಂತಿದೆ. ಊರಿಂದ ನೆಂಟರು ಬಂದರೂ ಅದೇ, ಮಕ್ಕಳ ಪರೀಕ್ಷೆ ಮುಗಿದರೂ ಅದೇ. ಈ ಸಲ ಕೆಲವು ಕುಟುಂಬಗಳು ಸೇರಿ ವಸಯಿಯ ಕೋಟೆಗೆ ಹೋಗುವುದೆಂದು ನಿಶ್ಚಯಿಸಿದಾಗ ಮನೆಯ ಹಿರಿಯರಿಂದ ಬಂದ ಮೊದಲ ಪ್ರಶ್ನೆ, "ಆ ಪಾಳುಗೋಡೆಗಳಲ್ಲಿ ನೋಡುವುದೇನಿದೆ?" ಎಂಬುದು, ಎರಡನೆಯದು, "ಹಾವುಗೀವು ಇದ್ದರೆ?" ಎಂಬುದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಕೋಟೆಯೇ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಹೊರಡುವ ಮುಂಚೆಯೇ ನಾವು ಉತ್ತರ ಹುಡುಕಿಕೊಳ್ಳಬೇಕಾಯಿತು.

ಪಾಳು ಕಟ್ಟಡವನ್ನು ನೋಡಲು ವಸಯಿಯವರೆಗೂ ಹೋಗಬೇಕೇನು ಎಂದು ನಮ್ಮ ಗುಂಪಿನ ಇಬ್ಬರು ತರುಣರು ತಕರಾರೆತ್ತಿದ್ದರು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ತರುವಾಯ ಮುಂಬಯಿಯಲ್ಲಿ ಎಷ್ಟೋ ಬಟ್ಟೆಗಿರಣಿಗಳು ಬಾಗಿಲು ಮುಚ್ಚಿದವಲ್ಲ, ಅಂಥದೊಂದರೊಳಗೆ ನುಸುಳಿ ಛಾಯಾಚಿತ್ರ ತೆಗೆಯಬೇಕೆಂಬುದು ಅವರ ಹಂಬಲ. ನಾವು ಒಪ್ಪಲಿಲ್ಲ. ಬೀಗ ಜಡಿದ ಬಾಗಿಲ ಹಿಂದೆ ಯಾರೂ ವಾಸಿಸದಿದ್ದರೂ ಆ ಜಾಗಕ್ಕೆ ಒಡೆಯರಿದ್ದಾರೆ. ಅವರ ಅನುಮತಿಯಿಲ್ಲದೆ ಕಾಲಿಟ್ಟರೆ ಅದು ಅತಿಕ್ರಮವೇ. ಅಲ್ಲಿಯ ಒಡೆದ ಕಲ್ನಾರು ತಗಡಿನ ಧೂಳು ಶ್ವಾಸಕೋಶಕ್ಕೆ ಸೇರಿದರೆ ಎಷ್ಟೋ ವರ್ಷಗಳ ಮೇಲೆ ತನ್ನ ಗುಣ ತೋರಿಸುತ್ತದೆ. ಇದೆಲ್ಲಕ್ಕಿಂತ ಹೆಚ್ಚಾಗಿ, 2013ರ ಆಗಸ್ಟಿನಲ್ಲಿ ಮಹಾಲಕ್ಷ್ಮಿಯ ಹಾಳು ಗಿರಣಿಯೊಂದರಲ್ಲಿ, ಸಹೋದ್ಯೋಗಿಯೊಡನೆ ಕೆಲಸದ ಮೇಲೆ ಹೋಗಿದ್ದ ಯುವ ಪತ್ರಕರ್ತೆಯೊಬ್ಬಳಿಗೆ ದುಷ್ಟರಿಂದ ಆದ ಅನ್ಯಾಯವನ್ನು ಈ ಊರು ಮರೆತಿಲ್ಲ. ಹೆಣ್ಣುಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಹೋಗುವವರು ಎಲ್ಲರಿಗೂ ತೆರೆದಿರುವ, ನಾಲ್ಕು ಜನ ಓಡಾಡುವ ಜಾಗವನ್ನೇ ಆರಿಸಬೇಕು. ವಸಯಿಯ ಕೋಟೆ ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, ಹಗಲಿನಲ್ಲಿ ಜನಸಂಚಾರವಿದೆ.

ನಾವು ಒಟ್ಟು 23 ಮಂದಿ. ಅವರಲ್ಲಿ ಏಳು ಮಕ್ಕಳು, ಎಪ್ಪತ್ತು ದಾಟಿದವರು ಮೂವರು. ಧಾರವಾಡದ ಕಡೆಯ ನಿವೃತ್ತ ಇಂಜಿನಿಯರರೊಬ್ಬರು ನಮ್ಮಲ್ಲಿದ್ದಾರೆ; ಮಕ್ಕಳಿಗೆಲ್ಲ ಅವರು 'ಕಾಕಾ', ಕ್ರಮೇಣ ನಮಗೂ ಕಾಕಾ ಆಗಿದ್ದಾರೆ. ಅವರು ಒಂದು ವಾರ ಮುಂಚೆಯೇ ತಾವೊಬ್ಬರು ತರುಣನೊಡನೆ ಹೋಗಿ ಕೋಟೆಯನ್ನು ಸುತ್ತಿ ಬಂದರು. ಎಲ್ಲಿ ನೆರಳಿದೆ, ಎಲ್ಲಿ ಬಾಯ್ದೆರೆದ ಬಾವಿಯಿದೆ, ಯಾವ ಕಮಾನಿನಲ್ಲಿ ಹೆಜ್ಜೇನು ಕಟ್ಟಿದೆ ಎಂದು ಒಂದು ಕಾಗದದ ಮೇಲೆ ಗುರುತು ಹಾಕಿ ತಂದಿದ್ದರು. ತಿಂಗಳನ್ನು ಗೊತ್ತುಮಾಡಿದವರೂ ಅವರೇ. ಮಳೆಗಾಲ ಮುಗಿದ ಕೂಡಲೇ ಹಸಿರು ಸೊಗಸಾಗಿರುತ್ತದೆ ನಿಜ. ಆದರೆ ನೆನೆದ ಗೋಡೆಯ ಕಲ್ಲುಗಳು ಸಡಿಲವಾಗಿರುವುದೂ, ಎದೆಯುದ್ದ ಹುಲ್ಲಿನಲ್ಲಿ ಕಾಲಿಡುವ ನೆಲ ಕಾಣದಿರುವುದೂ ಆಗಲೇ. ಆದ್ದರಿಂದ ಜನವರಿ.

ಪ್ರತಿ ಮಗುವಿಗೂ ಒಬ್ಬ ದೊಡ್ಡವರ ಜೋಡಿ; ಕೊರಳಿಗೊಂದು ಸೀಟಿ; ಎಲ್ಲರಿಗೂ ಮುಚ್ಚಿದ ಬೂಟು. ಹೆಂಗಸರು ಸೀರೆಗೆ ಬೂಟು ಹಾಕಿಕೊಂಡು ನಕ್ಕರೂ ಹಾಕಿಕೊಂಡರು. ವಸಯಿಯಲ್ಲಿ ಹಾವಿನ ವಿಷಕ್ಕೆ ಮದ್ದಿರುವ ಆಸ್ಪತ್ರೆ ಯಾವುದೆಂದು ಮುಂಚೆಯೇ ವಿಚಾರಿಸಿದ್ದೆವು. ತುರ್ತುವಾಹನದ 108ನೆಯ ನಂಬರನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿದ್ದೆವು. ಹಾವು ಕಚ್ಚಿದರೆ ಕುಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಮೊದಲಾದ ಸಿನಿಮಾ ಚಿಕಿತ್ಸೆಗಳು ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ ಎಂದು ನಮ್ಮ ಗುಂಪಿನ ದಾದಿಯೊಬ್ಬರು ರೈಲಿನಲ್ಲಿಯೇ ಪಾಠ ಹೇಳಿದರು. ಎದುರು ಕೂತಿದ್ದ ಅಪರಿಚಿತ ಪ್ರಯಾಣಿಕರೂ ಕಿವಿಗೊಟ್ಟು ಕೇಳಿದರು. (ಕೋಟೆಯಲ್ಲಿ ನಮಗೆ ಎದುರಾದದ್ದು ಒಂದು ಓತಿಕ್ಯಾತ ಮಾತ್ರ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.)

ಚರ್ಚ್‌ಗೇಟಿನಿಂದ ವಸಯಿ ರೋಡು ಸುಮಾರು 50 ಕಿಲೋಮೀಟರು. ದಾದರಿನಲ್ಲಿ ಹತ್ತಿದವರಿಗೆ ಭಾಯಂದರ ದಾಟುವವರೆಗೆ ಬರೀ ಮನೆಗಳ ಬೆನ್ನು ಕಾಣುತ್ತದೆ. ಆಮೇಲೆ ತಟ್ಟನೆ ಖಾರಿಯ ಸೇತುವೆ, ಅಗಲವಾದ ನೀರು, ಉಪ್ಪಿನ ಗದ್ದೆಗಳು. ಡೊಂಬಿವಲಿಯ ಕುಟುಂಬಗಳು ದಿವಾ ಮಾರ್ಗದ ಗಾಡಿಯಲ್ಲಿ ಬಂದು ನಿಲ್ದಾಣದಲ್ಲಿ ಕೂಡಿಕೊಂಡವು. ಅಲ್ಲಿಂದ ಬಸ್ಸು. ಕೋಟೆಯ ಮಗ್ಗುಲಲ್ಲೇ ಕೋಳಿ ಬೆಸ್ತರ ಕೇರಿಗಳು. ಬಿದಿರಿನ ಅಡ್ಡೆಗಳ ಮೇಲೆ ಮೀನು ಒಣಗುತ್ತಿರುತ್ತದೆ. ನಮ್ಮಲ್ಲಿ ಕೆಲವರು ಸೆರಗನ್ನು ಮೂಗಿಗೆ ಒಯ್ದದ್ದುಂಟು. ಕರಾವಳಿಯಿಂದ ಬಂದವರು ಮಾತ್ರ ಉಸಿರೆಳೆದುಕೊಂಡು, ಈಗ ಊರಿಗೆ ಬಂದಂತಾಯಿತೆಂದರು.

ಕೋಟೆಯ ಕತೆ ಸಂಕ್ಷೇಪವಾಗಿ ಇಷ್ಟು. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ ಶಹಾ ವಸಯಿಯನ್ನೂ ಜೊತೆಗೆ ಮುಂಬಯಿಯ ದ್ವೀಪಗಳನ್ನೂ ಪೋರ್ತುಗೀಜರಿಗೆ ಬಿಟ್ಟುಕೊಟ್ಟ. ಅವರ ಉತ್ತರ ಪ್ರಾಂತಕ್ಕೆ ಇದೇ ರಾಜಧಾನಿಯಾಯಿತು. ಇಂದಿನ ಮಹಾನಗರಿ ಅಂದು ಈ ಊರಿನ ಅಧೀನದಲ್ಲಿದ್ದ ಒಂದಷ್ಟು ದ್ವೀಪ! ನಾಗಾಸಾಕಿಯಲ್ಲಿ 1597ರಲ್ಲಿ ಶಿಲುಬೆಗೇರಿಸಲ್ಪಟ್ಟು 1862ರಲ್ಲಿ ಸಂತಪದವಿ ಪಡೆದ ಗೊನ್ಸಾಲೋ ಗಾರ್ಸಿಯಾ ಹುಟ್ಟಿದ್ದು ಈ ವಸಯಿಯಲ್ಲೇ. 1739ರ ಮೇ ತಿಂಗಳಲ್ಲಿ ಪೇಶ್ವೆ ಮೊದಲನೆಯ ಬಾಜೀರಾಯನ ತಮ್ಮ ಚಿಮಾಜಿ ಅಪ್ಪಾ ಗೋಡೆಯಡಿ ಸುರಂಗ ತೋಡಿ ಮದ್ದು ಸಿಡಿಸಿ ಕೋಟೆಯನ್ನು ಗೆದ್ದ. ಸೋತವರು ಗೌರವದಿಂದ ಹೊರಟುಹೋಗಲು ಅವಕಾಶ ಕೊಟ್ಟ. ಇಲ್ಲಿಯ ಇಗರ್ಜಿಯ ಘಂಟೆಯೊಂದು ನಾಸಿಕದ ನಾರೋಶಂಕರ ಗುಡಿಯಲ್ಲಿ ಈಗಲೂ ತೂಗುತ್ತಿದೆ. ಪೇಶ್ವೆ ಎರಡನೆಯ ಬಾಜೀರಾಯ 1802ರ ಡಿಸೆಂಬರ್ 31ರಂದು ಇಂಗ್ಲಿಷರಿಗೆ ತನ್ನನ್ನು ಒಪ್ಪಿಸಿಕೊಂಡ ಒಪ್ಪಂದಕ್ಕೂ ವಸಯಿಯದೇ ಹೆಸರು.

ಒಳಗೆ ಮೊದಲು ಮನಸ್ಸನ್ನು ಹಿಡಿಯುವುದು ಸಂತ ಜೋಸೆಫರ ದೊಡ್ಡ ಇಗರ್ಜಿ. 1546ರಲ್ಲಿ ಆರಂಭವಾಗಿ 1601ರಲ್ಲಿ ಮತ್ತೆ ಕಟ್ಟಿದ್ದು. ಮಾಡು ಎಂದೋ ಹೋಗಿದೆ; ಮುಖಗೋಡೆಯ ಗೋಪುರ ಮಾತ್ರ ತಾಳೆಮರಗಳ ನಡುವೆ ನೆಟ್ಟಗೆ ನಿಂತಿದೆ. ಗೋಪುರದೊಳಗೆ ಇಕ್ಕಟ್ಟಾದ ಸುರುಳಿ ಮೆಟ್ಟಿಲು. ತರುಣರಿಬ್ಬರೂ ಅದರ ಬಾಯಲ್ಲಿ ನಿಂತು, ಮೇಲೆ ಹೋದರೆ ಸಮುದ್ರ ಕಾಣುತ್ತದೆಂದೂ ಎಲ್ಲರೂ ಹತ್ತುತ್ತಾರೆಂದೂ ವಾದ ಹೂಡಿದರು. ಕಾಕಾ ಬೈಯಲಿಲ್ಲ. "ಹತ್ತಿದವರು ಇಳದು ಬಂದಾರಂತ ಮೆಟ್ಟಲಾ ಗಟ್ಟಿ ಅದಾವಂತ ತಿಳೀಬ್ಯಾಡ್ರಿ ತಮ್ಮಾ. ಪ್ರತಿಯೊಬ್ಬಾವನೂ ಒಂದೀಟು ಸವಸೇ ಇಳದಿರತಾನ" ಎಂದರು. ನೂರು ಜನರ ಭಾರವನ್ನು ತಾಳಿದ ಕಲ್ಲು ನೂರೊಂದನೆಯವನಿಗೂ ತಾಳಬೇಕೆಂಬ ಕಟ್ಟಳೆಯಿಲ್ಲ. ತರುಣರು ಮುಖ ಊದಿಸಿಕೊಂಡರು, ಹತ್ತಲಿಲ್ಲ. ಕೆಳಗಿನಿಂದ ತೆಗೆದ ಚಿತ್ರವೇ ಚೆನ್ನಾಗಿ ಬಂದಿದೆ ಎಂಬುದು ನಮ್ಮ ಅಭಿಪ್ರಾಯ. ಅವರು ಇನ್ನೂ ಒಪ್ಪಿಲ್ಲ.

ಸಂತ ಅಂತೋನಿಯ ಇಗರ್ಜಿಯ ನೆಲದಲ್ಲಿ ಗೋರಿಕಲ್ಲುಗಳಿವೆ. ಮನೆತನದ ಲಾಂಛನ, ಪೋರ್ತುಗೀಜ್ ಬರಹ; ಎಷ್ಟೋ ಸವೆದುಹೋಗಿವೆ. ಇಲ್ಲಿ ನಮ್ಮವರಿಗೆ ಒಂದು ಧರ್ಮಸಂಕಟ ಬಂತು: ಬೂಟು ಕಳಚಬೇಕೆ, ಬೇಡವೆ? ಗಾಜಿನ ಚೂರು, ಮುಳ್ಳು ಇರುವಲ್ಲಿ ಬರಿಗಾಲು ಸಲ್ಲದು. ಕೊನೆಗೆ ಬೂಟು ಕಾಲಲ್ಲೇ ಇರಲಿ, ಕಲ್ಲುಗಳನ್ನು ಮೆಟ್ಟದೆ ಬದಿಯಿಂದ ನಡೆಯೋಣ ಎಂದಾಯಿತು. ಏಳು ವರ್ಷದ ಹುಡುಗಿಯೊಬ್ಬಳು ಪ್ರತಿ ಕಲ್ಲಿನ ಪಕ್ಕದಲ್ಲೂ ನಿಂತು ಕೈಮುಗಿದಳು. ಗೋಡೆಯ ಮೇಲಿನ ಬರಹಗಳೋ, ಇನ್ನೊಂದು ಬಗೆಯವು: ಹೃದಯ, ಬಾಣ, ಎರಡು ಹೆಸರು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯನ್ನು 2010ರಲ್ಲಿ ತಿದ್ದಿದ ಮೇಲೆ ಇಂಥ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ವಿಧಿಸಬಹುದು. ಪ್ರೇಮಿಗಳಿಗೆ ಇದನ್ನು ಯಾರೂ ತಿಳಿಸಿದಂತಿಲ್ಲ.

ಅಲ್ಲಿಂದ ಹೊರಡುವಾಗ ಹುಡುಗನೊಬ್ಬನ ಜೇಬು ಉಬ್ಬಿದ್ದು ಹೊನ್ನಾವರದ ಅಜ್ಜಿಯ ಕಣ್ಣಿಗೆ ಬಿತ್ತು. ತೆಗೆಸಿದರೆ, ಅಂಗೈಯಗಲದ ಒಂದು ಹಳೆಯ ಹಂಚಿನ ಚೂರು.

"ಕೆಳಗೆ ಬಿದ್ದಿತ್ತು ಅಜ್ಜಿ. ಯಾರದೂ ಅಲ್ಲ ಅಲ್ವಾ?"

"ಯಾರದೂ ಅಲ್ಲ ಅಂತ ನಿಂಗೆ ಯಾರು ಹೇಳಿದ್ದು ತಮ್ಮಾ? ಎಲ್ಲಿತ್ತೋ ಅಲ್ಲೇ ಇಟ್ಟು ಬಾ, ನಾನೂ ಬತ್ತೆ."

ಇಬ್ಬರೂ ಹಿಂದಕ್ಕೆ ಹೋಗಿ ಇಟ್ಟು ಬಂದರು. ಅಜ್ಜಿ ಅದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡದ್ದೇಕೆಂದು ನಮಗೆ ಆಗ ತಿಳಿಯಲಿಲ್ಲ.

ಮಧ್ಯಾಹ್ನ ಗೋಡೆಗಳಿಂದ ದೂರದಲ್ಲಿ ಒಂದು ಮರದ ನೆರಳಿನಲ್ಲಿ ಜಮಖಾನೆ ಹಾಸಿ, ತಲೆ ಎಣಿಸಿ, ಚಿತ್ರಾನ್ನ ಮೊಸರನ್ನದ ಬುತ್ತಿ ಬಿಚ್ಚಿದೆವು. ಪೋರ್ತುಗೀಜರ ಮಾತು ಬಂತು. ನಾವು ದಿನಾಲು ಆಡುವ ಚಾವಿ, ಅಲಮಾರು, ಪಾದ್ರಿ, ಅನಾನಸು ಎಲ್ಲ ಅವರ ಭಾಷೆಯಿಂದ ಬಂದ ಶಬ್ದಗಳೆಂದರೆ ಮಕ್ಕಳಿಗೆ ನಂಬಿಕೆಯಿಲ್ಲ. ನಮ್ಮ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲೂ ಅವರ ಕೋಟೆಗಳಿದ್ದವು. 17ನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕ ಅವರನ್ನು ಅಲ್ಲಿಂದ ಎಬ್ಬಿಸಿದ.

"ಆದರೆ ಕಟ್ಟಡ ಸಾಯೋದು ಯುದ್ಧದಿಂದ ಅಲ್ರೀ" ಎಂದು ಕಾಕಾ ಎದುರಿನ ಗೋಡೆಯತ್ತ ಕೈಮಾಡಿದರು. ಮೊದಲು ಹೋಗುವುದು ಮಾಡಿನ ಒಂದೆರಡು ಹಂಚು. ಅಲ್ಲಿಂದ ನೀರು ತೊಲೆಯ ತುದಿಗೂ ಗೋಡೆಯ ನೆತ್ತಿಗೂ ಇಳಿಯುತ್ತದೆ. ಮಳೆಗಾಲದಿಂದ ಮಳೆಗಾಲಕ್ಕೆ ಗಾರೆಯ ಸುಣ್ಣ ತೊಳೆದುಹೋಗಿ ಕಲ್ಲು ಕಲ್ಲಿನ ಹಿಡಿತ ಬಿಡುತ್ತದೆ. ಆ ಸಂದಿಯಲ್ಲಿ ಹಕ್ಕಿಯೊಂದು ಅರಳಿಯ ಬೀಜ ಉದುರಿಸಿದರೆ ಮುಗಿಯಿತು. ಬೇರು ಬಲಿತ ಮೇಲೆ ಅದನ್ನು ಕೀಳುವುದೂ ಅಪಾಯ, ಬಿಡುವುದೂ ಅಪಾಯ. ಏಕೆಂದರೆ ಗೋಡೆಯನ್ನು ಸೀಳಿದ ಬೇರೇ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಅಂಥ ಬೇರನ್ನು ಹಿಡಿದು ಜಗ್ಗುವುದಾಗಲಿ, ಅಂಥ ಗೋಡೆಯ ಬುಡದಲ್ಲಿ ಕೂಡುವುದಾಗಲಿ ಬೇಡವೆಂದು ಕಾಕಾ ಮಕ್ಕಳಿಗೆ ಹೇಳುತ್ತಿರುವಾಗ ಅಜ್ಜಿ ನಡುವೆ ಬಾಯಿಹಾಕಿದರು:

"ನಮ್ಮನೆ ಹಂಚು ಹಾರಿ ನಾಕು ಮಳೆಗಾಲ ಆತು."

ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರದಾಗಿ ಹೊರಬಂತು. ಕುಂದಾಪುರದ ಕಡೆ ಒಬ್ಬರ ಮನೆಗೆ ಹನ್ನೊಂದು ವರ್ಷದಿಂದ ಬೀಗ. ಗದಗಿನ ಕಡೆಯವರ ವಾಡೆಯ ಮಣ್ಣಿನ ಮಾಳಿಗೆ ಒಂದು ಮಗ್ಗುಲು ಕುಸಿದಿದೆ. ಇಪ್ಪತ್ತಮೂರು ಮಂದಿಯಲ್ಲಿ ಊರಿನಲ್ಲಿ ಹೀಗೊಂದು ಪಾಳುಮನೆ ಇಲ್ಲದ ಕುಟುಂಬ ಎರಡೋ ಮೂರೋ. ಅದುವರೆಗೆ ಚಿತ್ರ ತೆಗೆಯುತ್ತಿದ್ದ ತರುಣರೂ ಸುಮ್ಮನಾದರು.

ಅಜ್ಜಿಯ ಮನೆ ಶರಾವತಿಯ ದಂಡೆಯ ಒಂದು ಹಳ್ಳಿಯಲ್ಲಿದೆ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು. ಅದರ ಅಟ್ಟದ ಮೇಲೆ ಅವರ ಮಾವನವರು ಕೈಯಾರೆ ಬರೆದಿಟ್ಟ ಯಕ್ಷಗಾನ ಪ್ರಸಂಗಗಳ ಕಟ್ಟೊಂದು ಉಳಿದುಹೋಗಿತ್ತು. ಮೇ ತಿಂಗಳಲ್ಲಿ ಮೊಮ್ಮಗ ಹೋಗಿ ಅಟ್ಟ ಹತ್ತಿ ತರುವುದೆಂದು ಗೊತ್ತಾಗಿತ್ತು. ಒಬ್ಬನೇ ಹೋಗಕೂಡದೆಂದು ಕಾಕಾ ಅಲ್ಲಿಯೇ ಕಟ್ಟಪ್ಪಣೆ ಮಾಡಿದರು. ಮರಳುವಾಗ ವಸಯಿಯ ಸುಕೇಳಿ, ಎಂದರೆ ಒಣಗಿಸಿದ ಬಾಳೆಹಣ್ಣು, ಕೊಂಡು ರೈಲು ಹತ್ತಿದರೂ ಮಾತು ಆ ಅಟ್ಟದ್ದೇ.

ಮೇ ತಿಂಗಳಲ್ಲಿ ಅಜ್ಜಿ, ಮೊಮ್ಮಗನ ಜೊತೆಗೆ ಕಾಕಾ ಸೇರಿ ನಮ್ಮಲ್ಲಿ ನಾಲ್ವರು ಹೋದೆವು. ಹೊರಡುವ ಮುಂಚೆ ಅಜ್ಜಿ ಇಬ್ಬರು ಪಾಲುದಾರರಿಗೂ ಫೋನು ಮಾಡಿ ಒಪ್ಪಿಗೆ ಪಡೆದಿದ್ದರು. ಸ್ವಂತ ಮನೆಯಾದರೂ ಕೇಳದೆ ಒಳಗೆ ಹೋಗುವುದು ಅವರಿಗೆ ಸರಿಬರಲಿಲ್ಲ. ಊರಿನ ಆಚಾರಿಯನ್ನು ಕರೆಸಿ ಮೊದಲ ದಿನವೆಲ್ಲ ಹೊರಗಿನಿಂದಲೇ ನೋಡಿದೆವು. ಆತ ಕಿಟಕಿಯಿಂದ ಉದ್ದನೆಯ ಗಳ ತೂರಿಸಿ ನಡುಮನೆಯ ತೊಲೆಯನ್ನು ಬಡಿದ. ಒಂದು ತುದಿಯಲ್ಲಿ ಮರದ ಸದ್ದು, ಇನ್ನೊಂದು ತುದಿಯಲ್ಲಿ ಸದ್ದೇ ಇಲ್ಲ. ಗೆದ್ದಲು ಒಳಗೆ ತಿರುಳನ್ನೆಲ್ಲ ತಿಂದು ಸಿಪ್ಪೆ ಬಿಟ್ಟಿತ್ತು. ಬಾಗಿಲು ತೆರೆದೇ ಇತ್ತು, ಅಟ್ಟದ ಏಣಿಯೂ ಕಾಣುತ್ತಿತ್ತು. ಮೊಮ್ಮಗ, "ಎರಡೇ ನಿಮಿಷ, ಹೋಗಿ ಬಂದುಬಿಡುತ್ತೇನೆ" ಎಂದ. ಅಜ್ಜಿ ಅವನ ರಟ್ಟೆ ಹಿಡಿದುಕೊಂಡು ಜಗಲಿಯ ಕೆಳಗೇ ನಿಂತರು, ಬಿಡಲಿಲ್ಲ.

ಎರಡು ದಿನ ಹಿಡಿಯಿತು. ಆಚಾರಿಯ ಕಡೆಯವರು ಹೊರಗೆ ಏಣಿ ಇಟ್ಟು ಅಂಚಿನಿಂದ ಒಂದೊಂದೇ ಹಂಚು ಇಳಿಸಿ ಮಾಡಿನ ಭಾರ ಕಡಿಮೆ ಮಾಡಿದರು. ಬಳಿಕ ತೊಲೆಗೆ ಎರಡು ಕಡೆ ಮರದ ಆನಿಕೆ ಕೊಟ್ಟರು. ಮೂರನೆಯ ದಿನ ಬೆಳಗ್ಗೆ ಆಚಾರಿಯೊಬ್ಬನೇ ಒಳಗೆ ಹೋಗಿ ಕಟ್ಟನ್ನು ಇಳಿಸಿದ. ಬಟ್ಟೆ ಬಿಚ್ಚಿದರೆ ಕೆಳಗಿನ ಅರ್ಧ ಮಣ್ಣಾಗಿತ್ತು. ಮೇಲಿನ ಅರ್ಧದಲ್ಲಿ ಎರಡು ಪ್ರಸಂಗ ಪೂರ್ತಿ, ಒಂದು ಅರೆಬರೆ. ಗೋಡೆಯ ನೆತ್ತಿಗೆ ತಾಡಪತ್ರಿ ಹೊದಿಸಿ, ಇಳಿಸಿದ ಹಂಚನ್ನು ಜಗಲಿಯಲ್ಲಿ ಒಟ್ಟಿ ಬಂದೆವು. ಕಾಗದಗಳು ಈಗ ಡೊಂಬಿವಲಿಯಲ್ಲಿವೆ. ಮೊಮ್ಮಗನಿಗೆ ಆ ಮೋಡಿ ಅಕ್ಷರ ಓದಲು ಬಾರದು. ಅಜ್ಜಿ ಓದಿ ಹೇಳುತ್ತಾರೆ, ಅವನು ಬರೆದುಕೊಳ್ಳುತ್ತಾನೆ. ಮೊದಲ ಪ್ರಸಂಗದಲ್ಲಿ ಮೂವತ್ತು ಹಾಳೆ ಆಗಿದೆ.