ಕಾಂಕ್ರೀಟಿನ ಮೇಲೆ ಮರದ ಗೆರೆ

ನಾವು ಸಿವಿಲ್‌ನವರು. ಕಾಂಕ್ರೀಟ್ ಅಂದ್ರೆ ನಮಗೆ 28 ದಿನ ಕ್ಯೂರಿಂಗ್, ಆಮೇಲೆ ಕ್ಯೂಬ್ ಒಡೆದು ರೀಡಿಂಗ್ ಬರೆಯೋದು. ಬ್ರಿಟನ್ನಿನ ವಾಸ್ತುಶಿಲ್ಪಿ ಡೆನಿಸ್ ಲಾಸ್ಡನ್ (1914–2001) ಬಗ್ಗೆ ಓದಿದ ಮೇಲೆ ಅಷ್ಟಕ್ಕೇ ನಿಲ್ಲೋಕಾಗ್ತಿಲ್ಲ.

1976ರಲ್ಲಿ ಲಂಡನ್ನಿನಲ್ಲಿ ತೆರೆದ ಅವರ ನ್ಯಾಷನಲ್ ಥಿಯೇಟರ್‌ನ ಕಾಂಕ್ರೀಟಿಗೆ ಪ್ಲಾಸ್ಟರ್ ಇಲ್ಲ. ಸೆಂಟ್ರಿಂಗ್ ಹಲಗೆಯ ಗೆರೆಗಳು ಹಾಗೇ ಉಳಿದಿವೆ. ಹಲಗೆ ಜೋಡಿಸಿದವರ ಕೆಲಸ ಇವತ್ತಿಗೂ ಕಾಣುತ್ತೆ. 1988ರಲ್ಲಿ ರಾಜಕುಮಾರ ಚಾರ್ಲ್ಸ್ ಅದನ್ನು ಅಣುಸ್ಥಾವರಕ್ಕೆ ಹೋಲಿಸಿ ಗೇಲಿ ಮಾಡಿದರು. 1994ರಲ್ಲಿ ಅದೇ ಕಟ್ಟಡ ಸಂರಕ್ಷಿತ ಪಟ್ಟಿಗೆ ಸೇರಿತು!

ನಮಗೆ ಹೊಟ್ಟೆಕಿಚ್ಚು ತಂದಿದ್ದು ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯಕ್ಕೆ ಅವರು ಮಾಡಿದ ಹಾಸ್ಟೆಲ್. ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯೋ ಮಹಡಿಗಳು, ಕಿಟಕಿಯಾಚೆ ಹಸಿರು ಬಯಲು. ಸ್ಟ್ರೆಂತ್ ಎಷ್ಟು ಅಂತ ಲ್ಯಾಬ್ ಹೇಳುತ್ತೆ. ಒಳಗಿರೋರಿಗೆ ಕಿಟಕಿಯಿಂದ ಏನು ಕಾಣ್ಬೇಕು ಅನ್ನೋದನ್ನ ನಾವೇ ಯೋಚಿಸಬೇಕು.